ಉಣ್ಣೆಯ ಗುಳಿಗೆ

ನನ್ನ ಮೊಮ್ಮಗ ಸುದೀಪ ದಿನಕ್ಕೆ ಹನ್ನೊಂದು ಗುಳಿಗೆ ನುಂಗುತ್ತಾನೆ. ಅವನಿಗೆ ಯಾವ ಕಾಯಿಲೆಯೂ ಇಲ್ಲ. ಕಾಯಿಲೆ ಇರುವ ನಾನು ನುಂಗುವುದು ಎರಡು.

ಗುಳಿಗೆಗಳು ಬರುವುದು ಒಂದು ದೊಡ್ಡ ಡಬ್ಬಿಯಲ್ಲಿ. ಅದರ ಮೇಲೆ ಒಬ್ಬ ಮನುಷ್ಯನ ಚಿತ್ರವಿದೆ. ಅವನಿಗೆ ಕತ್ತಿಲ್ಲ, ತಲೆ ನೇರವಾಗಿ ಹೆಗಲ ಮೇಲೆ ಕುಳಿತಿದೆ. ಒಳಗೆ ದಿನಕ್ಕೊಂದರಂತೆ ಪೊಟ್ಟಣಗಳು. ಹೊಸದುರ್ಗದಲ್ಲಿ ಜಿಮ್ಮು ನಡೆಸುವ ಪ್ರಭುಲಿಂಗ ಎಂಬವರು ಇದನ್ನು ತರಿಸಿ ಕೊಡುತ್ತಾರೆ. ಊಟದಿಂದ ಶಕ್ತಿ ಬರುತ್ತದೆಂಬುದನ್ನು ಅವರು ಒಪ್ಪುವುದಿಲ್ಲ. "ಯಜಮಾನ್ರೆ, ಈಗಿನ ರಾಗಿಯಾಗೆ ಏನೈತ್ರಿ? ಬರೀ ಹಿಟ್ಟು" ಎಂದು ಒಮ್ಮೆ ನನಗೇ ಹೇಳಿದರು. ರಾಗಿಯಲ್ಲಿ ಹಿಟ್ಟಲ್ಲದೆ ಮತ್ತೇನಿರಬೇಕೋ ನನಗೆ ಹೊಳೆಯಲಿಲ್ಲ. ಕೈಮುಗಿದು ಬಂದೆ.

ಸುದೀಪನ ದೇಹವನ್ನು ನೋಡಿದರೆ ಪ್ರಭುಲಿಂಗ ಹೇಳುವುದು ನಿಜವೆನ್ನಿಸುತ್ತದೆ. ಬಾಗಿಲಲ್ಲಿ ಅಡ್ಡಡ್ಡ ಬರಬೇಕು, ಅಷ್ಟು ಹೆಗಲು. ಇವನೇ ಇಪ್ಪತ್ತಮೂರು ವರ್ಷದ ಹಿಂದೆ ಏಳನೇ ತಿಂಗಳಿಗೆ ಹುಟ್ಟಿ, ಒಂದು ಬೊಗಸೆಯಲ್ಲಿ ಹಿಡಿಯುವಷ್ಟಿದ್ದ. ನನ್ನ ಹೆಂಡತಿ ಜುಂಜಮ್ಮ ಅವನನ್ನು ತನ್ನ ಕಂಬಳಿಯಲ್ಲಿ ಸುತ್ತಿ ನಲವತ್ತು ದಿನ ಎದೆಗಿಟ್ಟುಕೊಂಡಿದ್ದಳು. ಆಗಲೇ ಹರಕೆ ಹೊತ್ತಳು: ಈ ಕೂಸು ಉಳಿದು ಗಂಡಸಾದರೆ ಹಟ್ಟಿಯ ದೇವರಾದ ಸ್ವಾಮಿಯ ಗುಡಿಸಲ ಮುಂದಿನ ಗುಂಡುಕಲ್ಲನ್ನು ಹೊತ್ತು ಒಂದು ಸುತ್ತು ಬರುತ್ತಾನೆ ಎಂದು.

ಕೂಸು ಉಳಿಯಿತು. ಜುಂಜಮ್ಮ ಹೋಗಿ ಹನ್ನೊಂದು ತಿಂಗಳಾಗಿತ್ತು. ವರ್ಷದ ಎಡೆ ಇಡುವುದರೊಳಗೆ ಹರಕೆ ತೀರಬೇಕು. ಇಲ್ಲದಿದ್ದರೆ ಅದು ಅವಳ ತಲೆಯ ಮೇಲೆಯೇ ಉಳಿಯುತ್ತದೆ. ಇದು ಕುರಿ ಕಾಯುವ ನಮ್ಮ ಹಟ್ಟಿಯ ನಂಬಿಕೆ, ನನ್ನದೂ ಹೌದು. ನಲವತ್ತೊಂಬತ್ತು ವರ್ಷ ಸೌದೆ, ನೀರು, ಮೇವು ಹೊತ್ತವಳು ಅಲ್ಲಿಯೂ ಒಂದು ಕಲ್ಲು ಹೊತ್ತುಕೊಂಡು ನಿಂತಿದ್ದಾಳೆಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕಲ್ಲು ಹೊರುವವನು ಐದು ದಿನ ವ್ರತ ಹಿಡಿಯಬೇಕು. ಒಪ್ಪತ್ತಿನ ಊಟ, ನೆಲದ ಮೇಲೆ ನಿದ್ದೆ. ಹಟ್ಟಿಯ ಮುಳ್ಳುಬೇಲಿಯ ಆಚೆಯಿಂದ ಬಂದದ್ದು ಯಾವುದೂ ಬಾಯಿಗೆ ಹೋಗಕೂಡದು. ಗೌಡರಾದ ಚಿಕ್ಕತಿಮ್ಮಪ್ಪನವರು ಕಟ್ಟೆಯ ಮೇಲೆ ಕುಳಿತು ಇದನ್ನು ಹೇಳಿದಾಗ ಸುದೀಪನ ಮುಖ ಸಣ್ಣದಾಯಿತು.

"ಮುಂದಿನ ತಿಂಗಳು ದಾವಣಗೆರ್ಯಾಗೆ ಕಾಂಪಿಟೇಶನ್ ಐತೆ ಗೌಡ್ರೆ. ಐದು ದಿನ ಗುಳಿಗೆ ಬಿಟ್ರೆ ಬಾಡಿ ಇಳಿದೋಗುತ್ತೆ."

"ಇಳಿದು ಎಲ್ಲಿಗೋಗುತ್ತಪ್ಪ? ಕಾಲಿಗಾ?" ಎಂದರು ಗೌಡರು.

ಪೂಜಾರಿ ಗುಡ್ಡಪ್ಪ ಒಳ್ಳೆಯ ಮನುಷ್ಯ. ದಾರಿ ಹುಡುಕಲು ನೋಡಿದ. "ವ್ರತದಾಗೆ ಊಟಕ್ಕೆ ಕಟ್ಟೈತೆ, ಮದ್ದಿಗೆ ಇಲ್ಲ. ಇದು ಮದ್ದೇ ಅಲ್ವೇನ್ಲಾ?"

"ಮದ್ದು ಅಂದ್ರೆ ಕಾಯಿಲೆ ಇರ್ಬೇಕು" ಎಂದರು ಗೌಡರು. "ನಿಂಗೇನೈತಪ್ಪ ಕಾಯಿಲೆ?"

"ಕೊರತೆ ಗೌಡ್ರೆ."

"ಯಾತರ ಕೊರತೆ?"

"ಎಲ್ಲಾದ್ರದ್ದೂ. ಪ್ರಭು ಸರ್ ಹೇಳ್ಯಾರೆ."

ಗೌಡರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡಿ ಮುಗಿಸಲು ಸ್ವಲ್ಪ ಹೊತ್ತು ಬೇಕಾಯಿತು. "ಕೊರತೆ ಇಟ್ಕಂಡೇ ಹಿಂಗಿದೀಯ. ಅದೂ ತೀರಿದ್ರೆ ನಿಂಗೆ ಬೇರೆ ಹಟ್ಟಿನೇ ಕಟ್ಬೇಕು."

ಕಡೆಗೆ ಡಬ್ಬಿಯಲ್ಲಿ ಏನೇನಿದೆಯೆಂದು ಓದಿಸುವುದೆಂದು ತೀರ್ಮಾನವಾಯಿತು. ಸುದೀಪನ ಅಕ್ಕ ಯಶೋದಾ ಹೊಸದುರ್ಗದ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಡಬ್ಬಿಯನ್ನು ತಿರುಗಿಸುತ್ತಾ ಒಂದೊಂದಾಗಿ ಹೇಳಿದಳು. ಸತು, ತಾಮ್ರ, ಕಬ್ಬಿಣ.

"ಅಂಗಡಿ ಪಾತ್ರೆ ಸಾಮಾನಿಂದೇನವ್ವ?" ಎಂದರು ಗೌಡರು.

"ಮೀನೆಣ್ಣೆ" ಎಂದು ಓದಿದಳು. ಗುಡ್ಡಪ್ಪ ಮುಖ ಕಿವುಚಿದ. ಆಮೇಲೆ ತಮ್ಮನ ಕಡೆ ನೋಡಿ ಮೆಲ್ಲಗೆ ಅಂದಳು: "ಮೊಟ್ಟೆ ಬಿಳೀದು, ಪುಡಿ ಮಾಡಿರೋದು."

ಕಟ್ಟೆಯ ಮೇಲಿದ್ದವರೆಲ್ಲ ಡಬ್ಬಿಯಿಂದ ಹಿಂದೆ ಸರಿದರು.

ಬೇರೆಯವರಿಗೆ ಇದು ತಿಳಿಯಲಾರದು. ನಮ್ಮ ಹಟ್ಟಿಯೊಳಗೆ ಕೋಳಿ ಕಾಲಿಡುವಂತಿಲ್ಲ. ಸಾಕುವುದಿಲ್ಲ, ತಿನ್ನುವುದಿಲ್ಲ, ಹಾರಿ ಬಂದರೂ ಅಟ್ಟಿ ನೆಲಕ್ಕೆ ನೀರು ಹಾಕಿ ಸಾರಿಸುತ್ತೇವೆ. ಹಿರಿಯರ ಕಾಲದಿಂದ ಬೇಲಿ ದಾಟದ ಕೋಳಿ ಆರು ತಿಂಗಳಿಂದ ಗುಳಿಗೆಯ ವೇಷದಲ್ಲಿ ಬೈಕಿನ ಮೇಲೆ ಕುಳಿತು ಬಂದು ಹೋಗುತ್ತಿತ್ತು.

"ನಂಗೆ ಗೊತ್ತಿರ್ಲಿಲ್ಲ ಅಜ್ಜ" ಎಂದ ಸುದೀಪ. ಅಷ್ಟು ದೊಡ್ಡ ಎದೆಯಿಂದ ಅಷ್ಟು ಸಣ್ಣ ದನಿ ಬಂದಿತು.

ಡಬ್ಬಿಯನ್ನು ಕೋಲಿನಿಂದ ತಳ್ಳಿಕೊಂಡು ಬೇಲಿಯ ಆಚೆಗೆ ಒಯ್ಯಲಾಯಿತು. ಬೇವಿನ ಮರದ ಕವಲಿನಲ್ಲಿಟ್ಟು, ಕಾಯಲು ಗುಡ್ಡಪ್ಪನನ್ನು ನೇಮಿಸಿದರು. ಯಶೋದಾ ತಮ್ಮನ ಪರವಾಗಿ ಕೊನೆಯ ಮಾತೊಂದು ಹೇಳಿದಳು. "ಗೌಡ್ರೆ, ಅದ್ರಾಗೆ ಒಂದು ಗುಳಿಗೆ ನಮ್ದೇ ಐತೆ. ಡಿ ವಿಟಮಿನ್ ಅಂತ. ಕುರಿ ಉಣ್ಣೆ ಜಿಡ್ಡು ತೆಗೆದು ಮಾಡಿರ್ತಾರೆ."

"ಯಾವ ಕುರಿ?" ಎಂದು ನಾಲ್ಕು ಜನ ಒಟ್ಟಿಗೆ ಕೇಳಿದರು.

"ಯಾವ್ದೋ ಹೊರದೇಶದ್ದು."

ನಮ್ಮ ಉಣ್ಣೆಯನ್ನು ಈಗ ಕೇಳುವವರಿಲ್ಲ. ಕತ್ತರಿಸಿದ್ದನ್ನು ಹೊಲದ ಬದುವಿಗೆ ಎಸೆಯುತ್ತೇವೆ. ಎಲ್ಲಿಯದೋ ಕುರಿಯ ಜಿಡ್ಡು ಸಮುದ್ರ ದಾಟಿ ಕುರುಬನಹಳ್ಳದಾಚೆಯ ನಮ್ಮ ಹಟ್ಟಿಗೆ ಗುಳಿಗೆಯಾಗಿ ಬರುತ್ತಿದೆ. ಗೌಡರು "ಉಣ್ಣೆ ನಮ್ದೇ. ಆದ್ರೆ ಕೋಳಿ ಜೊತೆ ಬಂದೈತೆ. ಬ್ಯಾಡ" ಎಂದು ತೀರ್ಪು ಕೊಟ್ಟರು.

ವ್ರತ ಶುರುವಾಯಿತು. ಸುದೀಪ ಮುದ್ದೆ, ಹಾಲು, ಹುರುಳಿ ಸಾರು ತಿಂದ. ಬೆಳಿಗ್ಗೆ ಎದ್ದ ಕೂಡಲೇ ಅಕ್ಕನ ಹೊಲಿಗೆ ಟೇಪಿನಿಂದ ತೋಳು ಅಳೆದುಕೊಳ್ಳುತ್ತಿದ್ದ. "ಅರ್ಧ ಇಂಚು ಹೋತು ಅಜ್ಜ" ಎನ್ನುವನು, ಮನೆಯಲ್ಲಿ ಸಾವಾದವನಂತೆ. ಆದರೆ ಬೇವಿನ ಮರದ ಕಡೆ ತಿರುಗಿಯೂ ನೋಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಗುಡ್ಡಪ್ಪ ಬೇಲಿಯ ಹಿಂದಿನಿಂದ ಓಡಿಬಂದು ಸ್ವಾಮಿಯ ಗುಡಿಸಲ ಮುಂದೆ ಉದ್ದಕ್ಕೆ ಬಿದ್ದ. "ತಪ್ಪಾತು ಸ್ವಾಮಿ, ತಪ್ಪಾತು! ಮೊಣಕಾಲು ನೋವಂತ ಒಂದು ನುಂಗ್ದೆ. ಹಳದೀದೊಂದೇ. ಕೈ ಬಿಡಬ್ಯಾಡ!"

ಜನ ಸೇರಿದರು. ಏನಾಯಿತೆಂದು ಕೇಳಿದರೆ ನಾಚಿಕೊಂಡು, ಒಂದಕ್ಕೆ ಕುಳಿತಾಗ ಅರಿಶಿನದ ನೀರು ಹೋಯಿತೆಂದ. ಸ್ವಾಮಿ ಗುರುತು ತೋರಿಸಿದ್ದಾನೆ, ಇನ್ನು ತಾನು ಉಳಿಯುವುದಿಲ್ಲವೆಂದ.

ಚಿಕ್ಕತಿಮ್ಮಪ್ಪನವರು ಬಗ್ಗಿ ತಗ್ಗಿದ ದನಿಯಲ್ಲಿ ಕೇಳಿದರು: "ಎಷ್ಟು ಹಳದಿ?"

"ಥೇಟು ಅರಿಶಿನ, ಗೌಡ್ರೆ."

ಗೌಡರು ಮೆಲ್ಲಗೆ ಕಟ್ಟೆಯ ಮೇಲೆ ಕುಳಿತರು. ಅವರ ಪಕ್ಕದಲ್ಲಿ ನಾನೂ ಕುಳಿತೆ.

ನಿಜ ಹೇಳುತ್ತೇನೆ. ಅವಳು ಹೋದ ಮೇಲೆ ನನ್ನ ಕೈಕಾಲಿನಲ್ಲಿ ಬಲವೇ ಇರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಗುಡ್ಡಪ್ಪ ತೂಕಡಿಸುತ್ತಿದ್ದಾಗ ಮರದ ಕೆಳಗೆ ಹೋಗಿ ನಾನೂ ಹಳದಿಯದೊಂದು ನುಂಗಿದ್ದೆ. ಡಬ್ಬಿಯ ಮುಚ್ಚಳ ಆಗಲೇ ಸಡಿಲವಾಗಿತ್ತು. ಯಾರು ಸಡಿಲ ಮಾಡಿದ್ದೆಂದು ಪಕ್ಕದಲ್ಲಿ ಕುಳಿತ ಗೌಡರ ಮುಖ ನೋಡಿ ಈಗ ತಿಳಿಯಿತು.

ಯಶೋದಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ದೇವರ ಸಿಟ್ಟಲ್ಲ ಗುಡ್ಡಪ್ಪಜ್ಜ, ಅದು ಬಿ ವಿಟಮಿನ್ನು. ಮೈಗೆ ಎಷ್ಟು ಬೇಕೋ ಅಷ್ಟು ಇಟ್ಕಂಡು ಮಿಕ್ಕಿದ್ದು ಹೊರಗೆ ಹಾಕುತ್ತೆ."

ಎಲ್ಲರೂ ಸುದೀಪನ ಕಡೆ ನೋಡಿದರು.

"ನಿಂದೂ ಹಳದಿನೇನ್ಲಾ?" ಎಂದು ಗೌಡರು ಕೇಳಿದರು.

ಅವನು ತಲೆ ತಗ್ಗಿಸಿದ. "ಆರು ತಿಂಗಳಿಂದ."

"ಅದಕ್ಕೇ ಈ ವರ್ಷ ಬೇಲಿ ಹಂಗೆ ಚಿಗುರೈತೆ" ಎಂದರು ಗೌಡರು.

ನಗು ಆಯಿತು. ನನಗೆ ಮಾತ್ರ ನಗು ಬರಲಿಲ್ಲ. ಹರಕೆ ಕೆಟ್ಟಿತೆಂದೇ ಎಣಿಸಿದ್ದೆ. ಕಟ್ಟು ಮಾಡಿದವರು, ಕಾಯುವವನು, ಅವಳ ಗಂಡ, ಮೂವರೂ ಕಟ್ಟು ಮುರಿದಿದ್ದೆವು. ಗುಡ್ಡಪ್ಪನನ್ನು ಕೇಳಿದೆ. ಅವನು ತಲೆಗೆ ನೀರು ಹಾಕಿಕೊಂಡು ಬಂದು, ನಮಗೂ ಹಾಕಿಸಿ, ಸ್ವಾಮಿಗೆ ದೀಪ ಹಚ್ಚಿ ಅಂದ: "ವ್ರತ ಹಿಡಿದೋನು ಸುದೀಪ. ಅವ್ನು ಮುಟ್ಟಿಲ್ಲ. ಕೆಟ್ಟೋರು ನಾವು. ನಾವೇನು ಕಲ್ಲು ಹೊರ್ತೀವಾ?"

ಐದನೆಯ ದಿನ ಬೆಳಿಗ್ಗೆ ಹಟ್ಟಿಯೆಲ್ಲ ಸೇರಿತು. ಪ್ರಭುಲಿಂಗರೂ ಹೊಸದುರ್ಗದಿಂದ ಬಂದಿದ್ದರು. ಕಲ್ಲು ನೋಡಿ, "ಎಷ್ಟು ಕೆಜಿ ಐತ್ರಿ?" ಎಂದು ಕೇಳಿದರು.

"ಯಾರೂ ತೂಗಿಲ್ರಿ. ಹೊತ್ತಾರೆ ಅಷ್ಟೆ" ಎಂದರು ಗೌಡರು.

ಸುದೀಪ ಸ್ನಾನ ಮಾಡಿ ಅಂಗಿ ತೆಗೆದು ನಿಂತ. ಸ್ಪರ್ಧೆಗೆಂದು ಎದೆ ಬೆನ್ನಿನ ಕೂದಲನ್ನೆಲ್ಲ ಮೊದಲೇ ಬೋಳಿಸಿದ್ದ. ಮೈ ಕಂಚಿನ ಬಿಂದಿಗೆಯಂತೆ ನುಣ್ಣಗಿತ್ತು. ಬಗ್ಗಿ ಕಲ್ಲನ್ನು ಮೊಣಕಾಲಿಗೆ ತಂದ, ಎದೆಗೆ ತಂದ. ಅಲ್ಲಿಂದ ಜಾರಿತು. ಹಿಡಿಯಲು ಕಲ್ಲಿಗೆ ಕಬ್ಬಿಣದ ಸಲಾಕೆಯಿಲ್ಲ, ಕಲ್ಲು ನಿಲ್ಲಲು ಮೈಯಲ್ಲಿ ಒರಟಿಲ್ಲ. ಎರಡನೆಯ ಸಲವೂ ಜಾರಿ ಮಣ್ಣಿಗೆ ಬಿತ್ತು. ಮೂರು ಸಲ ಮಾತ್ರ ಅವಕಾಶ.

"ಗುಳಿಗೆ ಬಿಡಿಸಿದ್ದೇ ತಪ್ಪಾತು ನೋಡ್ರಿ" ಎಂದರು ಪ್ರಭುಲಿಂಗ.

ಸುದೀಪ ನನ್ನನ್ನು ನೋಡಿದ. ಬೆವರಿನ ಜೊತೆ ಕಣ್ಣೂ ಒದ್ದೆಯಾಗಿತ್ತು. "ಅಜ್ಜ, ಆಗ್ತಿಲ್ಲ."

ನಾನು ಮನೆಗೆ ಹೋಗಿ ಜುಂಜಮ್ಮನ ಕಂಬಳಿ ತಂದೆ. ನೂಲು ಅವಳೇ ತೆಗೆದದ್ದು. ಅವನನ್ನು ನಲವತ್ತು ದಿನ ಸುತ್ತಿಟ್ಟದ್ದು. ಅವಳು ಹೋದ ದಿನದಿಂದ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಎಂಟು ಮಡಿಕೆ ಹಾಕಿ ಅವನ ಹೆಗಲ ಮೇಲಿಂದ ಎದೆಗೆ ಇಳಿಬಿಟ್ಟು ಸೊಂಟಕ್ಕೆ ಬಿಗಿದೆ. "ಹಟ್ಟಿ ಒಳಗಿನದೇ" ಎಂದು ಗೌಡರಿಗೆ ಕೇಳುವಂತೆ ಹೇಳಿದೆ. ಗುಳಿಗೆ ನುಂಗಿದ್ದ ಗೌಡರು ಅಡ್ಡಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಮೂರನೆಯ ಸಲ ಕಲ್ಲು ಎದೆಗೆ ಬಂದಾಗ ಕಂಬಳಿ ಅದನ್ನು ಕಚ್ಚಿ ಹಿಡಿಯಿತು. ಅಲ್ಲಿಂದ ಹೆಗಲಿಗೆ ಏರಿತು. ಸುದೀಪ ಎದ್ದು ನಿಂತ. ನಾನು ಅವನ ಮುಖ ನೋಡಲಿಲ್ಲ, ಪಾದ ನೋಡುತ್ತಿದ್ದೆ. ಹೆಜ್ಜೆ, ಹೆಜ್ಜೆ. ಅವನು ಗುಡಿಸಲ ಹಿಂದೆ ಮರೆಯಾದ. ಆ ಕಡೆಯಿಂದ ಮೊದಲು ಕಪ್ಪು ಕಂಬಳಿಯ ಅಂಚು ಕಾಣಿಸಿತು.

ಕಲ್ಲನ್ನು ಇಳಿಸಿ ಅವನು ಕಂಬಳಿಯಲ್ಲೇ ಮುಖ ಒರೆಸಿಕೊಂಡ. ಪ್ರಭುಲಿಂಗ ಮೊಬೈಲು ಹಿಡಿದು, "ಇನ್ನೊಂದ್ಸಲ ಎತ್ತಪ್ಪ, ವಿಡಿಯೋ ಆಗ್ಲಿಲ್ಲ" ಎಂದರು.

ಒಂಬತ್ತು ದಿನದ ಮೇಲೆ ಜುಂಜಮ್ಮನ ವರ್ಷದ ಎಡೆ. ಬೇಲಿಯಾಚೆ ಅವಳನ್ನು ಹೂತ ಗುಡ್ಡೆಯ ಮುಂದೆ ಎಲೆ ಹಾಸಿ ಮುದ್ದೆ, ಹೊಸ ಬೆಣ್ಣೆ, ಎಲೆ ಅಡಿಕೆ ಇಟ್ಟೆವು. ಸುದೀಪ ಜೇಬಿನಿಂದ ಸಣ್ಣದೊಂದು ಗುಳಿಗೆ ತೆಗೆದು ಎಲೆಯ ತುದಿಯಲ್ಲಿಟ್ಟ. "ಅಜ್ಜಿಗೆ ಮೂಳೆ ನೋವಿತ್ತಲ್ಲ."

ಗೌಡರು ಬಗ್ಗಿ ನೋಡಿದರು. "ಇದ್ರಾಗೆ ಕೋಳಿ?"

"ಇಲ್ರಿ ಗೌಡ್ರೆ" ಎಂದಳು ಯಶೋದಾ. "ಬೇರೆ ತಂದಿದ್ದು. ಬರೀ ಉಣ್ಣೇದು."

ಗೌಡರು ಸರಿಯೆಂದು ತಲೆಯಾಡಿಸಿದರು. ನಾನು ಕರ್ಪೂರ ಹಚ್ಚಿ, ಕಲ್ಲು ಇಳಿಯಿತು ಕಣೇ ಎಂದು ಮನಸ್ಸಿನಲ್ಲೇ ಹೇಳಿದೆ. ಅವಳಿಗೆ ಅದು ಕೇಳಿಸಿರಬೇಕು. ಗುಳಿಗೆಯನ್ನಂತೂ ಅವಳು ಬೆರಳಲ್ಲಿ ಹಿಡಿದು, ತಿರುಗಿಸಿ ನೋಡಿ, ಯಾರ ಮಂದೆಯ ಕುರಿಯದೆಂದು ತಿಳಿಯುವ ತನಕ ಬಾಯಿಗೆ ಹಾಕುವವಳಲ್ಲ.