ಯಾರ ಹರಕೆಯೋ ಅವರ ಕೈ

ಶಹಾಬಾದ್ ಸ್ಟೇಶನ್ನಿನಲ್ಲಿ ಇಳಿಯುವಾಗಲೇ ಪದ್ಮಾಬಾಯಿಯವರ ಕೈಗಳು ಸೋತಿದ್ದವು. ಚಿತ್ತಾಪುರದಿಂದ ಹೊರಟು, ವಾಡಿಯಲ್ಲಿ ಗಾಡಿ ಬದಲಿಸಿ, ಮೊಮ್ಮಗನನ್ನು ಒಂದೇ ಸಮನೆ ಎತ್ತಿಕೊಂಡು ಬಂದಿದ್ದರು. ಸೂಲಗಿತ್ತಿ ಮರೆಮ್ಮ ನಾಲ್ಕು ಮಾರು ಹಿಂದೆ ಬರಿಗೈಯಲ್ಲಿ ನಡೆದಿದ್ದಳು.

“ಕೂಸಿನ್ನ ನಾ ಎತ್ಕೊಳ್ಲೇನ್ರೀ ಬಾಯಾರ?”

“ಬ್ಯಾಡ. ಪುಣ್ಯಾಹ ಆಗ್ಯದ.”

“ಹುಟ್ಟಿದಾಗ ಮೊದಲ ಮುಟ್ಟಿದಾಕಿ ನಾನೇ ಅಲ್ರೀ.”

“ಅದು ಪುರುಡಿನ ಮಾತು. ಆಗ ನಾವೂ ಮೈಲಿಗ್ಯಾಗೇ ಇದ್ವಿ. ಈಗ ಹ್ಯಾಂಗ ಕೊಡ್ಲಿಕ್ಕೆ ಬರ್ತದ?”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ! ಗಾಡಿಯ ನೂಕುನುಗ್ಗಲಿನಲ್ಲಿ ಯಾರಿಗೆ ಯಾರು ತಾಗಿದರೋ, ಆ ಗೊಡವೆಗೆ ಪದ್ಮಾಬಾಯಿ ಹೋಗಿರಲಿಲ್ಲ. ಆದರೆ ಅತ್ತೆ ಕಲಿಸಿದ ಶಾಸ್ತ್ರ ಬಿಡಲು ಭಯ. ಮಗಳು ಭಾಮಾ ಹೆತ್ತಾಗ ಕೂಸು ಅಳಲೇ ಇಲ್ಲ. ಮರೆಮ್ಮ ಅದರ ಬೆನ್ನು ತಿಕ್ಕುತ್ತ, “ಅಂತೋಣಿಯಪ್ಪಾ, ಉಸಿರು ಕೊಡು, ನಿನ್ನ ಪಾದಕ್ಕ ಹಾಕ್ತೀನಿ” ಎಂದು ತನ್ನ ಸಂತನಿಗೆ ಹರಕೆ ಹೊತ್ತಿದ್ದಳು. “ಹೂಂ, ಹಾಕು” ಎಂದು ಅತ್ತವರು ಇದೇ ಪದ್ಮಾಬಾಯಿ.

ಸಂತ ಅಂತೋಣಿಯ ಹಳೆಯ ಚರ್ಚು ಊರಾಚೆ, ಕಲ್ಲಿನ ಖಣಿಗಳನ್ನು ದಾಟಿ ಇತ್ತು. ಹರಕೆಯವರು ತಲೆಮಾರುಗಳಿಂದ ನಡೆದು ಅಂಗಳಕ್ಕೆ ಹಾಸಿದ ಪರಸಿಕಲ್ಲು ಸವೆದಿತ್ತು. ಬಾಗಿಲು ಕಾಯುವ ಮುದುಕ ಇಬ್ಬರನ್ನೂ ನೋಡಿದ.

“ಹರಕಿ ಯಾರು ಹೊತ್ತಾರ? ಅವರೇ ಕೂಸಿನ್ನ ಎತ್ಕೊಂಡು ಒಳಗ ಹೋಗ್ಬೇಕ್ರಿ. ಇಲ್ಲಿ ಪದ್ಧತಿ ಹಂಗದ.”

ಪದ್ಮಾಬಾಯಿಗೆ ಉಪಾಯ ಗೊತ್ತಿತ್ತು. ಮನೆಯಲ್ಲಿ ಮರೆಮ್ಮನಿಗೆ ಏನು ಕೊಡುವುದಿದ್ದರೂ ನೆಲಕ್ಕಿಡುತ್ತಿದ್ದರು, ಅವಳು ಎತ್ತಿಕೊಳ್ಳುತ್ತಿದ್ದಳು.

“ಸರಿ ಅತ್ಲಾಗ. ಇಲ್ಲಿಡ್ತೀನಿ, ಎತ್ಕೋ.”

ಬಗ್ಗಿದರು. ಕೂಸಿಗಿಂತ ಮೊದಲು ಅವರ ಹಿಂಗೈ ಕಲ್ಲಿಗೆ ತಾಗಿ ಚುರ್ ಎಂದಿತು. ವೈಶಾಖದ ಬಿಸಿಲಿಗೆ ಪರಸಿ ಕಾದ ಹೆಂಚಾಗಿತ್ತು.

“ಕಲ್ಲು ಸುಡ್ಲಿಕತ್ತದ ಬಾಯಾರ!” ಮರೆಮ್ಮನ ಎರಡೂ ಕೈಗಳು ತಾವಾಗಿ ಮುಂದೆ ಬಂದವು. ಮುಟ್ಟಲು ಹೆದರಿ ಅಲ್ಲೇ ನಿಂತವು.

ಎಂಥ ಕೆಲಸಕ್ಕೆ ಬಗ್ಗಿದೆ ನಾನು! ಪದ್ಮಾಬಾಯಿಗೆ ನಾಚಿಕೆಯಿಂದ ಕಣ್ಣು ತುಂಬಿತು. ನೆಟ್ಟಗಾಗಿ, ಕೂಸನ್ನು ಆ ಕೈಗಳಿಗೇ ಕೊಟ್ಟರು. ಬೆರಳಿಗೆ ಬೆರಳು ತಾಗಿತು. ಮರೆಮ್ಮ ಕೂಸನ್ನು ಎದೆಗೊತ್ತಿಕೊಂಡು ಒಳಗೆ ನಡೆದಳು, ಹಿಂದೆ ಇವರು.

ಸಂಜೆ ಚಿತ್ತಾಪುರದ ಮನೆ ಮುಟ್ಟುವಷ್ಟರಲ್ಲಿ ಇಬ್ಬರ ಕಾಲೂ ಬಾತಿದ್ದವು. ಕೂಸು ಮರೆಮ್ಮನ ಹೆಗಲ ಮೇಲೆ ನಿದ್ದೆಹೋಗಿತ್ತು. ನೋಡಿದ ಭಾಮಾ ಗಾಬರಿಯಾದಳು.

“ಅವ್ವಾ, ಮುಟ್ಟಿಸ್ಕೊಂಡಿಯೇನು? ತಡಿ, ಸ್ನಾನಕ್ಕ ನೀರು ಕಾದದ.”

“ಆ ನೀರು ಮರೆಮ್ಮನ ಕಾಲಿಗೆ ಕೊಡು. ಭಾಳ ನಡದಾಳ.”

ಮರೆಮ್ಮ ರೂಢಿಯಂತೆ ಅಂಗಳದಲ್ಲೇ ನಿಂತು, ಕೂಸನ್ನು ಕಟ್ಟೆಯ ಮೇಲಿಡಲು ಬಗ್ಗಿದಳು.

“ನೆಲಕ್ಕ ಇಡಬ್ಯಾಡ ಮರೆಮ್ಮಾ,” ಎಂದರು ಪದ್ಮಾಬಾಯಿ. “ಒಳಗ ಬಂದು ತೊಟ್ಟಿಲದಾಗ ಹಾಕು. ನನ್ನ ಕೈ ಸೋತಾವ.”