ಏಸಿ ಖೋಲಿಯ ಲೆನ್ಸ್

ಒರೆಸಿದ ಗಾಜು ಮತ್ತೆ ಮಂಜಾಯಿತು. ಕಂಠೆಪ್ಪ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಗುರುಗುಟ್ಟಿದ.

“ಒಳಗ ಬೂಸ್ಟು ಹತ್ತೇತ್ರಿ ಬಾಯಾರ. ಮ್ಯಾಲಿಂದಾಗಿದ್ರ ಒರಸಿದ್ರ ಹೋಗಬೇಕಿತ್ತು.”

“ಈಗಷ್ಟ ಏಸಿ ಖೋಲಿಯಿಂದ ತಂದೇನ್ರಿ. ಹತ್ತು ನಿಮಿಷ ತಡೀರಿ, ತಾನ ಹೋಗ್ತೈತಿ,” ಎಂದಳು ಯಾಸ್ಮೀನ. “ಕುಂದರ್ರಿ, ಚಾ ಮಾಡ್ತೇನಿ.”

ಚಾ! ಮಡಗಾಂವದಲ್ಲಿ ಒಬ್ಬ ಹೀಗೇ ಚಾ ಕುಡಿಸಿ, ಬೂಸ್ಟು ಹಿಡಿದ ಲೆನ್ಸ್ ಕಟ್ಟಿ ಕಳಿಸಿದ್ದ.

ಕಂಠೆಪ್ಪ ಬೀಚಿನಲ್ಲಿ ಪ್ರವಾಸಿಗರ ಫೋಟೊ ತೆಗೆದು ಹೊಟ್ಟೆ ಹೊರೆಯುವವ. ಇದ್ದೊಂದು ಲೆನ್ಸ್ ಹೋದ ವಾರ ಅಲೆಯಲ್ಲಿ ಬಿದ್ದು ಸತ್ತಿತ್ತು. ಅವನ ಮಿರರ್‌ಲೆಸ್ ಕ್ಯಾಮೆರಾದ ಜಾತಿಯನ್ನೇ ಕಂಪನಿ ನಿಲ್ಲಿಸಿ ವರ್ಷಗಳಾಗಿದ್ದವು. ಬೇರೆ ಲೆನ್ಸ್ ಅದರ ಬಾಯಿಗೆ ಕೂರುತ್ತಿರಲಿಲ್ಲ. ಇನ್ನೊಂದು ವಾರಕ್ಕೆ ಸೀಸನ್ನು. ಲೆನ್ಸ್ ಇಲ್ಲದಿದ್ದರೆ ಕ್ಯಾಮೆರಾ ಗುಜರಿಗೆ, ಅವನು ಗಾರೆ ಕೆಲಸಕ್ಕೆ. ಊರೆಲ್ಲ ಅಲೆದ ಮೇಲೆ ವಾಸ್ಕೋದ ಈ ಮನೆಯಲ್ಲಿ ಎರಡು ಸಿಕ್ಕಿದ್ದವು. ಯಾಸ್ಮೀನಳ ಗಂಡ ಮದುವೆ ಫೋಟೊಗ್ರಾಫರನಾಗಿದ್ದ. ಮಳೆಗಾಲಕ್ಕೆ ಮುಂಚೆ ತೀರಿಕೊಂಡಿದ್ದ.

ಮೇಜಿನ ಮೇಲೆ ಮೊದಲಿನಿಂದಲೂ ಇದ್ದ ಉದ್ದನೆಯ ಲೆನ್ಸ್ ನೀರಿನಂತೆ ತಿಳಿಯಾಗಿತ್ತು. ಕಂಠೆಪ್ಪ ಅದಕ್ಕೆ ಕೈ ಚಾಚಿದ.

“ಅದು ದೂರಿಂದ ಹಿಡಿಯೂದ್ರಿ, ಹಕ್ಕಿ ಪಕ್ಕಿ. ನಿಮ್ಮ ಕೆಲಸಕ್ಕ ಸಣ್ಣದ ಬೇಕು. ಸಂಜಿಗೆ ಬಾಳು ಬಂದ್ರ ಬಿಡೂದಿಲ್ಲ ಅಂವ.”

ಬಾಳು ಅದೇ ಬೀಚಿನ, ಅದೇ ಜಾತಿಯ ಕ್ಯಾಮೆರಾದ ಫೋಟೊದವನು. ಇನ್ನೊಬ್ಬ ಗಿರಾಕಿಯ ಹೆಸರು ಹೇಳಿ ಅವಸರ ಹಚ್ಚುವ ಆಟ ಕಂಠೆಪ್ಪನಿಗೆ ಹೊಸದಲ್ಲ. ಕೆಟ್ಟದ್ದನ್ನೇ ಇಷ್ಟು ಹೊಗಳಬೇಕೇ?

“ಸತ್ತವರ ಹೆಸರ ಮ್ಯಾಲ ಕೆಟ್ಟ ಮಾಲು ದಾಟಸಬ್ಯಾಡ್ರಿ,” ಎಂದುಬಿಟ್ಟ.

ಯಾಸ್ಮೀನ ಅವನ ಕೈಯಿಂದ ಸಣ್ಣ ಲೆನ್ಸ್ ತೆಗೆದುಕೊಂಡಳು.

“ಉದ್ದಂದು ತಗೊಂಡು ನಡೀರಿ.”

ಉದ್ದನೆಯದಕ್ಕೆ ರೊಕ್ಕ ಎಣಿಸಿಕೊಟ್ಟು ಹೊರಬಿದ್ದಾಗ ಮಳೆ ಹಿಡಿದಿತ್ತು. ಸಿಕ್ಕಿದ ಏಸಿ ಬಸ್ಸು ಹತ್ತಿ, ಲೆನ್ಸ್ ಹಚ್ಚಿದ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ಮೋಸಹೋಗದೆ ಬಂದೆನೆಂದು ದಾರಿಯುದ್ದಕ್ಕೂ ಬೀಗಿದ. ಕೊರ್ತಾಲಿಮ್‌ನಲ್ಲಿ ಮಳೆ ನಿಂತಿತ್ತು. ಇಳಿದು ಸೇತುವೆಯ ಕಡೆ ಕ್ಯಾಮೆರಾ ಎತ್ತಿದ. ಬರೀ ಬಿಳಿ. ತಿರುಗಿಸಿ ನೋಡಿದರೆ ಗಾಜಿನ ತುಂಬ ಮಂಜು. ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಬಂತು. ಬಾಯಿಗೆ ಬಂದ ಬೈಗುಳ ಅರ್ಧಕ್ಕೇ ನಿಂತಿತು. ಹೊರಟುಹೋಗುತ್ತಿದ್ದ ಬಸ್ಸಿನ ಮುಚ್ಚಿದ ಕಿಟಕಿಗಳನ್ನೂ ತನ್ನ ತಣ್ಣಗಿನ ತೋಳನ್ನೂ ನೋಡಿದ. ನಿಂತೇ ಇದ್ದ. ಗಾಜು ಅಂಚಿನಿಂದ ತಾನೇ ತಿಳಿಯಾಗುತ್ತ ಬಂತು.

ಫೋನು ಹಚ್ಚಿದ.

“ಬಾಯಾರ, ನಾನ್ರಿ, ಕಂಠೆಪ್ಪ. ಆ ಸಣ್ಣ ಲೆನ್ಸ್...”

“ಯಾವುದ್ರಿ? ಬೂಸ್ಟು ಹತ್ತಿದ್ದಾ?”

“ತಪ್ಪಾತ್ರಿ. ಇದನ್ನ ತಿರುಗಿ ತರ್ತೇನಿ. ಅದನ್ನ ಇಟ್ಟಿರ್ರಿ.”

“ಬಾಳು ಬಂದಾನ್ರಿ. ಚಾ ಕುಡದ, ಈಗ ಅದನ್ನ ಹಚ್ಚಿ ನಂದೊಂದು ಫೋಟೊ ತಗಿಯಾಕತ್ತಾನ. ಫೋನ್ ಇಡ್ತೇನ್ರಿ.”

ಬಸ್‌ಸ್ಟಾಪಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಅವನ ಕ್ಯಾಮೆರಾ ಕಂಡು ಸೆರಗು ಸರಿಮಾಡಿಕೊಂಡು ನಕ್ಕಳು. ಕಂಠೆಪ್ಪ ಕ್ಯಾಮೆರಾ ಕಣ್ಣಿಗೆ ಹಿಡಿದ. ಚೌಕಟ್ಟಿನ ತುಂಬ ಒಂದು ಕಿವಿ, ಒಂದು ಓಲೆ. ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು. ಬೆನ್ನು ಗೋಡೆಗೆ ತಾಗಿತು. ಅವಳು ಇನ್ನೂ ನಗುತ್ತಲೇ ನಿಂತಿದ್ದಳು.