ಟೀಮಿನೊಳಗಿನ ಪಿಸುಮಾತು

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕಾರ್ಖಾನೆ ಪ್ರದೇಶದ ಕಾಲೊನಿಯಲ್ಲಿ ಬೆಳೆದವರಿಗೆ ಬಾಲ್ಯವೆಂದರೆ ಮೊದಲು ನೆನಪಾಗುವುದು ಒಂದು ವಾಸನೆ. ಕೊಳೆತ ಮೊಟ್ಟೆಯದೂ ಅಲ್ಲ, ಉಗುರಿಗೆ ಹಚ್ಚುವ ಬಣ್ಣದ್ದೂ ಅಲ್ಲ, ಎರಡನ್ನೂ ಕಲಸಿಟ್ಟಂಥದ್ದು. ನಿಶ್ಮಿತಾ ಹೋಂವರ್ಕಿಗೆ ಕೂತಾಗ ಅದು ಕಿಟಕಿಯಿಂದ ಒಳಗೆ ಬಂದರೆ, ಅಮ್ಮ ರತ್ನಾವತಿ ಅಡುಗೆಮನೆಯಿಂದಲೇ, "ಇವತ್ತು ಯಾರೋ ಎಂತದೋ ಬಿಟ್ಟಿದ್ದಾರೆ, ಕಿಟಕಿ ಹಾಕು ಮಗಾ" ಎನ್ನುತ್ತಿದ್ದರು. ಯಾರು ಬಿಟ್ಟರು, ಏನು ಬಿಟ್ಟರು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಯಾರೂ ಹೇಳದಿದ್ದರೂ ಮೂಗಿಗೆ ತಿಳಿಯುತ್ತದೆ ಎನ್ನುವ ನಂಬಿಕೆ ಅವಳಲ್ಲಿ ಆಗಲೇ ಬೇರೂರಿತ್ತು.

ಈ ಸೋಮವಾರ ಬೆಳಿಗ್ಗೆ ಮಹಾಪೆಯ ಆಫೀಸಿಗೆ ಕಾಲಿಟ್ಟಾಗಲೂ ಅವಳಿಗೆ ಹಾಗೆಯೇ ಅನ್ನಿಸಿತು. ಎಲ್ಲೋ ಏನೋ ಸರಿಯಿಲ್ಲ.

ಅವಳು ಮ್ಯಾನೇಜರ್ ಆಗಿ ಇನ್ನೂ ಒಂದು ಮಳೆಗಾಲವೂ ಕಳೆದಿರಲಿಲ್ಲ. ಲಾರಿಗಳು ಗೋದಾಮಿಗೆ ಬಂದಾಗ ಗೇಟ್‌ಪಾಸ್ ಕೊಡುವ ಸಾಫ್ಟ್‌ವೇರು ಅವರ ಟೀಮಿನದು. ಕಳೆದ ವರ್ಷದವರೆಗೂ ಅದೇ ಟೀಮಿನ ಅಂಬರೀಶನ ಪಕ್ಕದ ಕುರ್ಚಿಯಲ್ಲಿ ಕೂತು ಅವಳೂ ಅದೇ ಕೋಡ್ ಬರೆಯುತ್ತಿದ್ದಳು. ಆಗ ಅವನು "ನಿಶ್ಮಿತಾ" ಎಂದು ಹೆಸರು ಹಿಡಿದೇ ಕರೆಯುತ್ತಿದ್ದ. ಈಗ "ಮೇಡಂ" ಅನ್ನುತ್ತಾನೆ. ಅದು ಗೌರವವೋ ಕುಹಕವೋ ಅವಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಕುಹಕ ಎಂಬ ಕಡೆಗೇ ಅವಳ ಮನಸ್ಸು ವಾಲುತ್ತಿತ್ತು.

ಕಳೆದ ಗುರುವಾರ, ಶುಕ್ರವಾರ ಅವಳು ಠಾಣೆ ಪಟ್ಟಣದ ಒಂದು ಹೋಟೆಲಿನಲ್ಲಿ ತರಬೇತಿಯಲ್ಲಿದ್ದಳು. ಹೊಸ ಮ್ಯಾನೇಜರುಗಳಿಗೆ ಟೀಮು ನಡೆಸುವುದನ್ನು ಕಲಿಸುವ ತರಬೇತಿ ಅದು. ಫೋನುಗಳನ್ನು ಬಾಗಿಲಲ್ಲೇ ಒಂದು ಬುಟ್ಟಿಯಲ್ಲಿ ಹಾಕಿಸಿಕೊಂಡಿದ್ದರು. ಗುರುವಾರ ಮಧ್ಯಾಹ್ನ, ಒಳಗೆ ಯಾರೋ ನಂಬಿಕೆಯ ಬಗ್ಗೆ ಭಾಷಣ ಮಾಡುತ್ತಿದ್ದ ಹೊತ್ತಿನಲ್ಲೇ, ತುರ್ಭೆಯ ದೊಡ್ಡ ಗೋದಾಮಿನಲ್ಲಿ ಗೇಟ್‌ಪಾಸ್ ಬರುವುದು ನಿಂತುಹೋಯಿತು. ಲಾರಿಗಳ ಸಾಲು ಹೆದ್ದಾರಿಯವರೆಗೆ ಬೆಳೆಯಿತು. ಹಮಾಲರು ಬಿಸಿಲಲ್ಲಿ ಕೈಕಟ್ಟಿ ಕೂತರು. ಸಂಜೆ ಅವಳು ಫೋನು ತೆಗೆದು ನೋಡುವಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಸರಿಮಾಡಿದವನು ಅಂಬರೀಶ. ಅವಳನ್ನು ಕೇಳದೆ, ಅವಳ ಒಪ್ಪಿಗೆಯಿಲ್ಲದೆ ಹೊಸ ಕೋಡನ್ನು ಸರ್ವರಿಗೆ ಏರಿಸಿದ್ದ. ತಾನು ನೋಡದೆ ಒಂದು ಸಾಲೂ ಹೊರಗೆ ಹೋಗಕೂಡದು ಎನ್ನುವುದು ಅವಳೇ ಮಾಡಿದ್ದ ನಿಯಮವಾಗಿತ್ತು.

ಭಾನುವಾರ ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ರತ್ನಾವತಿ ಹೆಸರುಕಾಳು ಆರಿಸುತ್ತ, "ನಿನ್ನ ಅಪ್ಪ ಹೋಟ್ಲು ನಡೆಸುವಾಗ ಹೇಳ್ತಿದ್ರು, ಅಡುಗೆಮನೇಲಿ ಪಿಸುಪಿಸು ಜಾಸ್ತಿಯಾದ್ರೆ ಒಬ್ಬ ಭಟ್ಟ ಬಿಟ್ಟು ಹೋಗ್ತಾನೆ ಅಂತ ಲೆಕ್ಕ ಅಂತ" ಎಂದರು. "ಹೋಗುವವ ಸುಮ್ನೆ ಹೋಗುದಿಲ್ಲ. ಸಾಂಬಾರಿಗೆ ಒಂದು ಹಿಡಿ ಉಪ್ಪು ಜಾಸ್ತಿ ಹಾಕಿಯೇ ಹೋಗುದು."

ಆ ಮಾತು ಅವಳ ತಲೆಯೊಳಗೇ ಕೂತುಬಿಟ್ಟಿತ್ತು.

ಬೆಳಿಗ್ಗೆ ಕಂಪನಿಯ ಬಸ್ಸು ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಅವಳು ತಡವಾಗಿ ಬಂದಿದ್ದಳು. ಮೂಲೆಯಲ್ಲಿ ಟೀಮಿನವರು ತಲೆಗೆ ತಲೆ ತಾಗಿಸಿ ನಿಂತಿದ್ದರು. ಅವಳನ್ನು ಕಂಡದ್ದೇ ಮಾತು ನಿಂತಿತು. ಹೊಸ ಹುಡುಗಿ ಕಾಂಚನಾ ಮುಖ ಒರೆಸಿಕೊಂಡು ನೀರಿನ ಬಾಟಲಿ ಹಿಡಿದು ಎದ್ದುಹೋದಳು. ಅವಳ ಕಣ್ಣು ಕೆಂಪಾಗಿತ್ತು. ನಿಶ್ಮಿತಾಳ ಮೇಜಿನ ಮೇಲೆ ಚಹಾ ಇತ್ತು, ಆರದಿರಲೆಂದು ಯಾರೋ ಅದರ ಮೇಲೆ ತಟ್ಟೆ ಮುಚ್ಚಿದ್ದರು. ಬೇರೆ ದಿನವಾಗಿದ್ದರೆ ಅವಳು ಕುಡಿದುಬಿಡುತ್ತಿದ್ದಳು. ಇವತ್ತು, ಈ ಉಪಚಾರ ಯಾಕೆ ಎಂದುಕೊಂಡು ಹಾಗೇ ಬಿಟ್ಟಳು.

ಆಗಲೇ ವಸಂತಕುಮಾರ ಕ್ಯಾಬಿನ್ನಿಗೆ ಕರೆಸಿದರು. ಅವರು ಅವಳ ಮೇಲಧಿಕಾರಿ, ಪುತ್ತೂರಿನ ಕಡೆಯವರು. ಸಿಟ್ಟು ಬಂದಾಗ ಇನ್ನೂ ಮೆತ್ತಗೆ ಮಾತಾಡುವ ಜಾತಿ.

"ತುರ್ಭೆಯವರು ಹೆಸರು ಕೇಳ್ತಾ ಇದ್ದಾರೆ ಮಾರಾಯ್ತಿ. ಯಾರು ಹಾಳು ಮಾಡಿದ್ದು, ಅವರ ಮೇಲೆ ನಾವು ಎಂತ ಮಾಡಿದ್ದು ಅಂತ. ಆ ಭಾಗದ ಕೋಡು ಕಾಂಚನಾಳ ಹೆಸರಲ್ಲಿ ಉಂಟಲ್ಲ? ಪ್ರೊಬೇಷನ್ನಲ್ಲಿ ಇರುವವಳು. ಕಳಿಸಿಬಿಟ್ರೆ ತಲೆನೋವು ಇಲ್ಲ."

"ನಂಗೆ ಅಂಬರೀಶನ ಮೇಲೆ ಸಂಶಯ ಸರ್. ಒಪ್ಪಿಗೆ ಇಲ್ಲದೆ ಏರಿಸಿದ್ದು ಅವನು."

"ಯಾರಾದ್ರೂ ಸರಿ. ಊಟದ ಹೊತ್ತಿಗೆ ನಂಗೊಂದು ಹೆಸರು ಬೇಕು."

ಹೊರಗೆ ಬಂದಾಗ ಅವರ ಸಾಲಿನ ಕುರ್ಚಿಗಳು ಖಾಲಿಯಾಗಿದ್ದವು. ಅಂಬರೀಶ ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ಹೋಗಿದ್ದ. ಲ್ಯಾಪ್‌ಟಾಪ್ ಹಿಡಿದು ಚಹಾಕ್ಕೆ ಹೋಗುವವರು ಯಾರು? ಬೇರೆ ಕಂಪನಿಯ ಇಂಟರ್‌ವ್ಯೂ ಇರಬೇಕು, ಎಲ್ಲರನ್ನೂ ಎಳೆದುಕೊಂಡೇ ಹೋಗುತ್ತಿರಬೇಕು. ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು. ವಾಚ್‌ಮನ್ ಅವಳ ಮುಖ ನೋಡಿ, ಕೇಳದಿದ್ದರೂ, ಚಹಾದ ಟಪ್ರಿಯ ಕಡೆಗೆ ಕೈತೋರಿಸಿದ.

ಗೇಟಿನಾಚೆ, ನೀಲಿ ತಾಡಪಾಲಿನ ಕೆಳಗಿದ್ದ ಚಹಾದಂಗಡಿಯ ಬೆಂಚಿನ ಮೇಲೆ ಅಂಬರೀಶ, ಕಾಂಚನಾ, ಟೀಮಿನ ಇನ್ನೊಬ್ಬ ಹುಡುಗ ಲತೀಶ್ ಕೂತಿದ್ದರು. ನಿಂತಿದ್ದ ಟೆಂಪೊ ಒಂದರ ಮರೆಯಲ್ಲಿ ನಿಶ್ಮಿತಾ ತಡೆದು ನಿಂತಳು. ತನಗೇ ನಾಚಿಕೆಯಾಯಿತು, ಆದರೂ ಅಲ್ಲಿಂದ ಕದಲಲಿಲ್ಲ.

"ಹೇಳಲೇಬೇಕೋ ಮಾರಾಯ, ಎಷ್ಟು ದಿನ ಮುಚ್ಚಿಡುದು?" ಎನ್ನುತ್ತಿದ್ದ ಲತೀಶ್.

"ಹೇಳ್ತೀನಿ. ಆದ್ರ ಆಕಿ ಒಬ್ಬಾಕಿನೇ ಇದ್ದಾಗ ಹೇಳ್ಬೇಕು" ಎಂದ ಅಂಬರೀಶ.

"ಮುಝೇ ನಿಕಾಲ್ ದೇಂಗೇ" ಎಂದಳು ಕಾಂಚನಾ, ಕೆಲಸದಿಂದ ತೆಗೆದೇಬಿಡುತ್ತಾರೆ ಎನ್ನುವ ಭಯದಲ್ಲಿ. ಕಲ್ಯಾಣದಲ್ಲಿ ಹುಟ್ಟಿದ ಆ ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ. "ಪಕ್ಕಾ ನಿಕಾಲ್ ದೇಂಗೇ."

ಟೆಂಪೊ ಹೊರಟುಬಿಟ್ಟಿತು. ನಿಶ್ಮಿತಾ ಬಟ್ಟಬಯಲಲ್ಲಿ ನಿಂತಿದ್ದಳು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ, ಅವಳು ನೇರವಾಗಿ ಹೋದಳು.

"ಒಬ್ಬಳೇ ಇದ್ದೇನೆ. ಹೇಳಿ. ಎಂತ ಮುಚ್ಚಿಡ್ತಾ ಇದ್ದೀರಿ? ಯಾವ ಕಂಪನಿಗೆ ಹೋಗ್ತಾ ಇರುವುದು ಎಲ್ಲರೂ?"

ಲತೀಶ್ ನಗು ತಡೆಯಲಾರದೆ ಚಹಾ ಚೆಲ್ಲಿಕೊಂಡ. "ಕಂಪನಿಯಾ? ನಮ್ಮನ್ನು ಯಾರು ಕರೀತಾರೆ?"

ಅಂಬರೀಶ ನಗಲಿಲ್ಲ. ಬೆಂಚಿನ ತುದಿಗೆ ಸರಿದು ಅವಳಿಗೆ ಜಾಗ ಬಿಟ್ಟ. "ಕೂಡ್ರಿ ಮೇಡಂ" ಎಂದ. ಅವಳು ಕೂತ ಮೇಲೆ ಗ್ಲಾಸು ಕೆಳಗಿಟ್ಟ.

"ಬುಧವಾರ ಸಂಜೀಕ ಕಾಂಚನಾನ ಕೋಡು ರಿವ್ಯೂಕ್ಕ ನಿಮ್ಮ ಕಡೆ ಬಂದಿತ್ತಲ್ರಿ, ನೆನಪದನ?"

"ಉಂಟು. ಮನೆಗೆ ಹೋಗಿ ನೋಡಿದೆ. ಸ್ವಲ್ಪ ಉದ್ದ ಇತ್ತು, ಸರಿಮಾಡಿ ಬಿಟ್ಟೆ."

"ಹೌದ್ರಿ. ಸರಿ ಮಾಡೂ ಮುಂದ ಒಂದು ನಾಕು ಸಾಲು ತೆಗದೀರಿ. ನಂಬರ್ ಪ್ಲೇಟ್ ಇನ್ನೂ ಬಂದಿರಂಗಿಲ್ಲ ನೋಡ್ರಿ ಹೊಸ ಲಾರಿಗೆ, ಟೆಂಪರರಿ ನಂಬರ್ ಇರ್ತದ. ಆ ಲಾರಿ ಸಲುವಾಗಿ ಇದ್ದ ಸಾಲು ಅವು. ಗುರುವಾರ ಅಂಥಾ ಲಾರಿ ಬಂದು ಗೇಟಿನ್ಯಾಗ ನಿಂತ್ವು. ಒಂದು ನಿಂತ ಮ್ಯಾಲ ಹಿಂದಿನವೆಲ್ಲಾ ನಿಂತ್ವು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅಥವಾ ಅರ್ಥವಾದದ್ದನ್ನು ಮನಸ್ಸು ಒಳಗೆ ಬಿಟ್ಟುಕೊಳ್ಳಲಿಲ್ಲ. ಬುಧವಾರ ಸಂಜೆ ಅಮ್ಮ ಟೀವಿ ನೋಡುತ್ತಿದ್ದರು, ತಾನು ಸೋಫಾದ ಮೇಲೆ ಕಾಲು ಮಡಚಿ ಕೂತು ಆ ಸಾಲುಗಳನ್ನು ಅಳಿಸಿದ್ದು ಕಣ್ಣಿಗೆ ಬಂತು. ಇವು ಯಾಕಿವೆ ಎಂದು ಒಂದು ಮಾತು ಕೇಳಬಹುದಿತ್ತು. ಪಾಪ, ಹುಡುಗಿಯನ್ನು ಈ ಹೊತ್ತಲ್ಲಿ ಯಾಕೆ ಪೀಡಿಸುವುದು ಎಂದುಕೊಂಡಿದ್ದಳು. ಎಲ್ಲರ ಕೋಡನ್ನೂ ಅವಳು ಹೀಗೇ ಮನೆಯಲ್ಲಿ ಕೂತು ತಿದ್ದುತ್ತಿದ್ದಳು. ಅದು ತಾನು ಮಾಡುವ ಉಪಕಾರ ಎಂದೇ ನಂಬಿದ್ದಳು.

"ನಂಗೆ ಯಾಕೆ ಹೇಳಲಿಲ್ಲ? ಗ್ರೂಪಿನಲ್ಲಿ ಹಾಕಬಹುದಿತ್ತಲ್ಲ."

"ಗ್ರೂಪಿನ್ಯಾಗ ವಸಂತಕುಮಾರ ಸಾಹೇಬ್ರೂ ಇದ್ದಾರಲ್ರಿ. ಅಲ್ಲಿ ಬರದ್ರ ಹೊಸದಾಗಿ ಮ್ಯಾನೇಜರ್ ಆದಾಕಿ ಮಾನ ಹೋಗ್ತದ ಅಂದ್ವಿ. ಫೋನ್ ಮಾಡಿದ್ರ ಬಂದ್ ಇತ್ತು. ಲಾರಿ ಬಿಸಿಲಾಗ ನಿಂತಿದ್ವು, ಅದಕ್ಕ ನಾನೇ ಏರಿಸಿದೆ." ಆಮೇಲೆ ಅವನು ಹೇಳಿಯೇಬಿಟ್ಟ. "ಎದುರಿಗೆ ಹೇಳಾಕೂ ಅಂಜಿಕಿ ಆಗ್ತದ್ರಿ. ಏನರ ಹೇಳಿದ್ರ 'ಅದನ್ನ ನಾನು ನೋಡ್ಕೊಳ್ತೇನೆ' ಅಂತೀರಿ. ಎಲ್ಲಾ ನೀವೇ ನೋಡ್ಕೊಂಡ್ರ ನಾವ್ಯಾಕ ಬೇಕ್ರಿ?"

ಅವನು ಲ್ಯಾಪ್‌ಟಾಪ್ ತಂದದ್ದು ಆ ಸಾಲುಗಳನ್ನು ಅವಳಿಗೆ ಹೇಗೆ ತೋರಿಸುವುದೆಂದು ಮೂವರೂ ಸೇರಿ ನೋಡಲೆಂದು. ಆದರೆ ಅದನ್ನು ತೆರೆಯುವ ಪ್ರಸಂಗವೇ ಬರಲಿಲ್ಲ. ಚಹಾದವನು ಯಾರೂ ಹೇಳದೆಯೇ ನಾಲ್ಕನೆಯ ಗ್ಲಾಸು ತಂದಿಟ್ಟ. ಈ ಸಲ ಅವಳು ಕುಡಿದಳು, ನಾಲಿಗೆ ಸುಟ್ಟುಕೊಂಡಳು.

ಮೇಲೆ ಹತ್ತುವಾಗ ಅವಳ ತಲೆಯಲ್ಲಿ ಬಂದದ್ದೆಲ್ಲ ಒಳ್ಳೆಯ ಯೋಚನೆಗಳಾಗಿರಲಿಲ್ಲ. ಕೋಡು ಕಾಂಚನಾಳ ಹೆಸರಲ್ಲೇ ಇದೆ. ತಾನು ಸುಮ್ಮನಿದ್ದರೆ ಸಾಕು, ಯಾರೂ ಕೆದಕುವುದಿಲ್ಲ. ಈ ಮೂವರೂ ಬಾಯಿ ಬಿಡಲಿಕ್ಕಿಲ್ಲ. ಅಂಜುತ್ತಾರಲ್ಲ, ಈಗಷ್ಟೇ ಅವರೇ ಹೇಳಿದರು. ಮೂರನೇ ಮಹಡಿಯಲ್ಲಿ ಅವಳು ಕಂಬಿ ಹಿಡಿದು ನಿಂತಳು. ಇಷ್ಟು ದಿನ ಸುತ್ತಲಿನವರನ್ನೆಲ್ಲ ಅನುಮಾನದಿಂದ ನೋಡಿದವಳು ಮೊದಲ ಬಾರಿಗೆ ತನ್ನನ್ನೇ ಹಾಗೆ ನೋಡಿಕೊಂಡಳು, ಮತ್ತು ಈ ಸಲದ ಅನುಮಾನ ತಪ್ಪಾಗಿರಲಿಲ್ಲ.

ಕ್ಯಾಬಿನ್ನಿನಲ್ಲಿ ವಸಂತಕುಮಾರ ತಲೆಯೆತ್ತಿದರು. "ಹೆಸರು?"

"ನನ್ನದು ಸರ್."

"ಎಂತ?"

"ಕಾಂಚನಾ ಬರೆದದ್ದು ಸರಿ ಇತ್ತು. ಕೆಡಿಸಿದ್ದು ನಾನು. ಕೇಳದೆ ತಿದ್ದಿದೆ, ಬೇರೆಯವರಿಗೆ ತೋರಿಸಲಿಲ್ಲ. ನನ್ನ ಕೋಡು ನೋಡುವವರು ಯಾರೂ ಇರಲಿಲ್ಲ, ಯಾಕಂದ್ರೆ ಆ ನಿಯಮ ನಾನೇ ಮಾಡಿದ್ದು. ಅಂಬರೀಶ ಏರಿಸದಿದ್ರೆ ಲಾರಿಗಳು ಸಂಜೆವರೆಗೆ ಅಲ್ಲೇ ಇರ್ತಿದ್ವು."

ವಸಂತಕುಮಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದನಿ ಇನ್ನೂ ಮೆತ್ತಗಾಯಿತು. "ಠಾಣೆಗೆ ಕಳಿಸಿದ್ದು ಇದನ್ನು ಕಲಿಲಿಕ್ಕಾ?"

"ಅಲ್ಲಿ ಇದನ್ನು ಹೇಳಿಕೊಡಲಿಲ್ಲ ಸರ್."

ಅವರು ಬೈಯಲಿಲ್ಲ. ತುರ್ಭೆಗೆ ಅವಳೇ ಹೋಗಿ ಗೋದಾಮಿನವರ ಎದುರು ನಿಂತು ಹೇಳಬೇಕು ಎಂದರು. ದೀಪಾವಳಿಗೆ ಖಾಯಂ ಆಗಬೇಕಿದ್ದ ಮ್ಯಾನೇಜರ್ ಹುದ್ದೆಯನ್ನು ಮುಂದಿನ ಯುಗಾದಿಗೆ ನೋಡೋಣ ಎಂದರು. ಕಾಂಚನಾಳ ಮಾತು ಮತ್ತೆ ಎತ್ತಲಿಲ್ಲ. ಅಷ್ಟು ಸಾಕಿತ್ತು.

ಅವಳು ತನ್ನ ಜಾಗಕ್ಕೆ ಬಂದಾಗ ಊಟದ ಹೊತ್ತು ಮುಗಿದು ಕ್ಯಾಂಟೀನಿನವರು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಕ್ಯಾಬಿನ್ನಿನ ಗಾಜಿನ ಗೋಡೆಯ ಈಚೆಯಿಂದ ಎಲ್ಲರೂ ಎಲ್ಲವನ್ನೂ ನೋಡಿದ್ದರು, ತೆರೆದ ಬಾಗಿಲಿನಿಂದ ಮಾತನ್ನೂ ಕೇಳಿಸಿಕೊಂಡಿದ್ದರು, ಈಗ ಯಾರೂ ನೋಡಿಲ್ಲವೆಂಬಂತೆ ಕೀಲಿಮಣೆ ಕುಟ್ಟುತ್ತಿದ್ದರು.

ಅಂಬರೀಶ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ. "ಹಂಗಾದ್ರ ನಾಳಿಂದ ನಿಮ್ಮ ಕೋಡು ಯಾರು ನೋಡ್ಬೇಕ್ರಿ?"

"ಕಾಂಚನಾ ನೋಡಲಿ. ನೀವು ಬರೆದದ್ದನ್ನು ಲತೀಶ್ ನೋಡಲಿ. ನಾನು ಕೇಳಿದ್ದಕ್ಕೆ ಮಾತ್ರ ಹೇಳ್ತೇನೆ."

"ನೋಡೂಣ" ಎಂದ ಅಂಬರೀಶ. ನಂಬಿದ ಹಾಗೆ ಕಾಣಲಿಲ್ಲ. ಅವಳಿಗೂ ಅವನ ಮೇಲಿನ ಗುಮಾನಿ ಪೂರ್ತಿ ಹೋಯಿತೆಂದು ಹೇಳಲಾಗದು. ಒಂದೇ ಮಧ್ಯಾಹ್ನದಲ್ಲಿ ಅದೆಲ್ಲ ಹೋಗುವಂಥದ್ದಲ್ಲ.

ಪರದೆಯ ಮೇಲೆ ಲತೀಶನ ಕೋಡೊಂದು ಅವಳ ಒಪ್ಪಿಗೆಗೆ ಕಾದಿತ್ತು. ತಿದ್ದಲು ಅವಳ ಬೆರಳು ತುರಿಸಿತು. ಅವಳು ಅದನ್ನು ಮುಚ್ಚಿ, ಬರಿದೇ ಕೂತಳು.

ಸ್ವಲ್ಪ ಹೊತ್ತಿಗೆ ಕಾಂಚನಾ ಅವಳ ಮೇಜಿನ ಬಳಿ ಬಂದಳು. ಸ್ಟೀಲಿನ ಡಬ್ಬಿಯ ಮುಚ್ಚಳದ ಮೇಲೆ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಚಮಚ ಶೇಂಗಾ ಚಟ್ನಿ. ಕೀಲಿಮಣೆಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಅದನ್ನು ನಿಶ್ಮಿತಾಳ ಮುಂದಿಟ್ಟು, ತನ್ನ ಕುರ್ಚಿಗೆ ಹಿಂದಿರುಗಿದಳು.